ನಿಮಗಿದು ಗೊತ್ತೇ? ಚೆಂಡಿನ ಹಿಂದೆ ಆರು ಕಿಲೋಮೀಟರ್!

ಹನ್ನೆರಡರ ಆಸುಪಾಸಿನ ಹುಡುಗನೊಬ್ಬ ಒಂದು ಗಂಟೆಯ ಫುಟ್‌ಬಾಲ್ ಪಂದ್ಯದಲ್ಲಿ ಎಷ್ಟು ದೂರ ಕ್ರಮಿಸುತ್ತಾನೆ, ಗೊತ್ತೇ? ಆರು ಕಿಲೋಮೀಟರಿಗೂ ಮಿಗಿಲು! ಇಟಲಿಯ ಕ್ರೀಡಾವಿಜ್ಞಾನಿ ಕಾರ್ಲೊ ಕಸ್ತಾನ್ಯ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಲೆಕ್ಕ ಇದು. ತಲಾ 30 ನಿಮಿಷದ ಎರಡು ಅವಧಿ, ಪೂರ್ತಿ 11 ಮಂದಿಯ ತಂಡ, ಸರಾಸರಿ 6,175 ಮೀಟರ್. ನಿಮಿಷಕ್ಕೆ 103 ಮೀಟರ್ ಆಯಿತು. ದೊಡ್ಡವರ ವೃತ್ತಿಪರ ಪಂದ್ಯದಲ್ಲಿ 90 ನಿಮಿಷಕ್ಕೆ 10ರಿಂದ 13 ಕಿಲೋಮೀಟರ್. ಹೋಲಿಸಿ ನೋಡಿದರೆ ಹುಡುಗರು ತೀರಾ ಹಿಂದೇನೂ ಬಿದ್ದಿಲ್ಲ. ಅದೇ ಹುಡುಗನಿಗೆ ಬೀದಿ ಕೊನೆಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಾ ಎಂದು ಹೇಳಿ ನೋಡಿ, ತಕ್ಷಣ ಕಾಲುನೋವು ಶುರುವಾಗುತ್ತದೆ. ಅದಿರಲಿ.

ವಯಸ್ಸು ಏರಿದಂತೆ ದೂರವೂ ಏರುತ್ತದೆ. ಇಂಗ್ಲೆಂಡಿನ ಎರಡು ವೃತ್ತಿಪರ ಕ್ಲಬ್ಬುಗಳ ಕಿರಿಯ ಆಟಗಾರರ ಬೆನ್ನಿಗೆ ಜಿಪಿಎಸ್ ಕಟ್ಟಿ ಅಳೆದ ಅಧ್ಯಯನ 2010ರಲ್ಲಿ ಬಂತು. ಅದರಲ್ಲಿ 12 ವರ್ಷದೊಳಗಿನವರ ಸರಾಸರಿ 5,967 ಮೀಟರ್, 16 ವರ್ಷದೊಳಗಿನವರದು 7,672 ಮೀಟರ್.

ಗೋಲ್‌ಕೀಪರ್ ಎಂದರೆ ಕಂಬದ ನಡುವೆ ನಿಂತಲ್ಲೇ ನಿಂತಿರುವವನು ಎಂದುಕೊಂಡಿದ್ದೀರಾ? ಇಂಗ್ಲಿಷ್ ಪ್ರೀಮಿಯರ್ ಲೀಗಿನ ಗೋಲಿಗಳು ಪಂದ್ಯವೊಂದಕ್ಕೆ ಸುಮಾರು ಐದೂವರೆ ಕಿಲೋಮೀಟರ್ ಓಡಾಡುತ್ತಾರೆ. ಬಹುಪಾಲು ನಡಿಗೆಯೇ, ನಿಜ. ಆದರೂ ನಮ್ಮಲ್ಲಿ ಅನೇಕರ ಬೆಳಗಿನ ವಾಕಿಂಗಿಗಿಂತ ಹೆಚ್ಚು.

ಇಷ್ಟೆಲ್ಲ ಓಡಿದರೂ ಚೆಂಡು ಕಾಲಲ್ಲಿರುವುದು ಎಷ್ಟು ಹೊತ್ತು? 1976ರಲ್ಲಿ ಥಾಮಸ್ ರೈಲಿ ಮತ್ತು ವಾನ್ ಥಾಮಸ್ ಎಂಬ ಇಬ್ಬರು ಇಂಗ್ಲೆಂಡಿನ ಮೊದಲ ಡಿವಿಷನ್ ಆಟಗಾರರ ಬೆನ್ನು ಹತ್ತಿ ಲೆಕ್ಕ ಹಾಕಿದರು. ಒಟ್ಟು ದೂರದಲ್ಲಿ ಚೆಂಡಿನೊಂದಿಗೆ ಓಡಿದ್ದು ಶೇ 2ಕ್ಕಿಂತ ಕಡಿಮೆ! ಉಳಿದದ್ದೆಲ್ಲ ಚೆಂಡು ಸಿಗಲಿ ಎಂದೋ, ಎದುರಾಳಿಗೆ ಸಿಗದಿರಲಿ ಎಂದೋ ಓಡಿದ ಓಟ. ಆಗ ಜಿಪಿಎಸ್ ಎಲ್ಲಿತ್ತು? ಮೈದಾನದ ಗುರುತುಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು, ಒಬ್ಬ ಆಟಗಾರನನ್ನೇ ಕಣ್ಣು ಕದಲಿಸದೆ ನೋಡುತ್ತಾ, ಅವನು ನಡೆದ, ಓಡಿದ, ಹಿಮ್ಮುಖವಾಗಿ ಸರಿದ ಎಂದು ಟೇಪ್ ರೆಕಾರ್ಡರಿಗೆ ಹೇಳುತ್ತಾ ಹೋಗುವುದು. ಆ ಲೆಕ್ಕವನ್ನು ಈಗಿನ ಯಂತ್ರಗಳೂ ಬುಡಮೇಲು ಮಾಡಿಲ್ಲ. ಹೆಚ್ಚು ಓಡುವವನು ಮಿಡ್‌ಫೀಲ್ಡರ್ ಎಂದು ಅವರು ಅಂದೇ ಹೇಳಿದ್ದರು. ಇಂದಿಗೂ ಅವನೇ.

ಓಟ ಓಟ ಎನ್ನುತ್ತೇವಲ್ಲ, ಡೆನ್ಮಾರ್ಕಿನ ಯೆನ್ಸ್ ಬಾಂಗ್ಸ್‌ಬೊ 1991ರಲ್ಲಿ ತಮ್ಮ ದೇಶದ ಆಟಗಾರರ ಪಂದ್ಯದ ಸಮಯವನ್ನು ಭಾಗ ಮಾಡಿ ನೋಡಿದರು. ಸುಮ್ಮನೆ ನಿಂತದ್ದು ಶೇ 17. ನಡೆದದ್ದು ಶೇ 40. ನಿಧಾನದ ಓಟ ಶೇ 35. ಜೋರು ಓಟಕ್ಕೆ ಉಳಿದದ್ದು ಬರೀ ಶೇ 8ರಷ್ಟು. ಗೋಲು, ಅಪಾಯ, ಚಪ್ಪಾಳೆ ಎಲ್ಲ ಹುಟ್ಟುವುದು ಆ ಎಂಟರಲ್ಲಿ. ಜರ್ಮನಿಯ ಬುಂಡೆಸ್‌ಲಿಗಾದ 2007–08ರ ಋತುವಿನ 360 ಗೋಲುಗಳನ್ನು ಮೂವರು ಸಂಶೋಧಕರು ಬಿಡಿಸಿ ನೋಡಿದಾಗ, ಗೋಲಿಗೆ ಮುಂಚಿನ ಕ್ಷಣದಲ್ಲಿ ಅತಿ ಹೆಚ್ಚು ಸಲ ಕಂಡ ಕ್ರಿಯೆ ನೇರ ಗೆರೆಯ ಮಿಂಚಿನ ಓಟ. ಜಿಗಿತವೂ ಅಲ್ಲ, ತಿರುಗುವುದೂ ಅಲ್ಲ.

ಒಂದು ಪಂದ್ಯದಲ್ಲಿ ಆಟಗಾರ ತನ್ನ ಚಲನೆಯನ್ನು ಸಾವಿರಕ್ಕೂ ಹೆಚ್ಚು ಸಲ ಬದಲಿಸುತ್ತಾನೆ. ನಾಲ್ಕರಿಂದ ಆರು ಸೆಕೆಂಡಿಗೊಮ್ಮೆ ನಿಲ್ಲು, ನಡೆ, ಓಡು, ತಿರುಗು. ಮಿಂಚಿನ ಓಟಗಳಂತೂ ಎರಡು-ನಾಲ್ಕು ಸೆಕೆಂಡಿನಲ್ಲಿ ಮುಗಿದೇ ಹೋಗುತ್ತವೆ. ಹೆದ್ದಾರಿಯ ಬಸ್ಸಿನ ಓಟವಲ್ಲ ಇದು, ಮೆಜೆಸ್ಟಿಕ್ ಟ್ರಾಫಿಕ್ಕಿನ ಆಟೊದ ಓಟ. ಹೊರಟದ್ದೇ ಬ್ರೇಕು, ಬ್ರೇಕು ಬಿಟ್ಟದ್ದೇ ಎಳೆತ. ಪೆಟ್ರೋಲು ಕುಡಿಯುವುದು ದೂರವಲ್ಲ, ಈ ನಿಲುಗಡೆಗಳು.

ಹೀಗಿರುವಾಗ ಸಂಜೆ ಐದಕ್ಕೆ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಗ್ರೌಂಡಿಗೆ ಹತ್ತು ರೌಂಡ್ ಹೊಡ್ಕೊಂಡು ಬನ್ನಿ, ದಮ್ಮು ಬರುತ್ತೆ’ ಎನ್ನುವ ಕೋಚುಗಳು ನಮ್ಮ ಊರೂರಲ್ಲಿ ಇನ್ನೂ ಇದ್ದಾರೆ. ಒಂದೇ ವೇಗದ ಹತ್ತು ರೌಂಡಿನಿಂದ ಹತ್ತು ರೌಂಡಿನ ದಮ್ಮು ಬರುತ್ತದೆ. ಪಂದ್ಯ ಕೇಳುವುದು ಬೇರೆ ದಮ್ಮು.

ಆ ಬೇರೆ ದಮ್ಮನ್ನು ಅಳೆಯಲು ಹುಟ್ಟಿದ್ದೇ ಯೋ-ಯೋ ಪರೀಕ್ಷೆ. ಹೆಸರು ಕೇಳಿದ ಕೂಡಲೇ ನಮಗೆ ಕ್ರಿಕೆಟ್ ನೆನಪಾಗುತ್ತದೆ. ಭಾರತ ತಂಡಕ್ಕೆ ಆಯ್ಕೆಯಾಗಬೇಕಾದರೆ ಯೋ-ಯೋ ಪಾಸಾಗಬೇಕು ಎಂಬ ಸುದ್ದಿ 2017ರಿಂದ ಪತ್ರಿಕೆಗಳಲ್ಲಿ ಬಂದಿದ್ದೇ ಬಂದಿದ್ದು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಎಷ್ಟೋ ಮಂದಿಯ ಎದೆಬಡಿತ ಏರಿಸಿದ ಪರೀಕ್ಷೆ. ಆದರೆ ಅದು ಹುಟ್ಟಿದ್ದು ಕ್ರಿಕೆಟ್ಟಿಗಾಗಿ ಅಲ್ಲ, ಫುಟ್‌ಬಾಲಿನ ಮನೆಯಲ್ಲಿ. ಜನಕ, ಮೇಲೆ ಹೇಳಿದ ಅದೇ ಬಾಂಗ್ಸ್‌ಬೊ. ಅವರು ಪುಸ್ತಕದ ಹುಳು ಅಲ್ಲ, ಡೆನ್ಮಾರ್ಕಿನ ಅಗ್ರ ಲೀಗಿನಲ್ಲಿ ಬೂಟು ಸವೆಸಿದ ಆಟಗಾರ. ಮುಂದೆ ಇಟಲಿಯ ಯುವೆಂಟಸ್ ಕ್ಲಬ್ಬಿನಲ್ಲೂ ಕೆಲಸ ಮಾಡಿದವರು.

ಪರೀಕ್ಷೆ ಹೀಗಿದೆ. ಎರಡು ಕೋನು, ನಡುವೆ 20 ಮೀಟರ್. ಬೀಪ್ ಅಂದ ಕೂಡಲೇ ಹೊರಡಬೇಕು, ಮುಂದಿನ ಬೀಪಿಗೆ ಆಚೆ ಗೆರೆ ಮುಟ್ಟಿ ತಿರುಗಬೇಕು, ಮತ್ತೊಂದು ಬೀಪಿಗೆ ಹೊರಟಲ್ಲಿಗೇ ವಾಪಸ್. ಆಮೇಲೆ ಹತ್ತು ಸೆಕೆಂಡು ಬಿಡುವು. ಆ ಬಿಡುವಿನಲ್ಲೂ ನಿಲ್ಲುವ ಹಾಗಿಲ್ಲ, ಹಿಂದಿರುವ ಐದು ಮೀಟರಿನ ಕೋನನ್ನು ಸುತ್ತಿ ಬರಬೇಕು. ಶುರುವಿನ ವೇಗ ಗಂಟೆಗೆ 10 ಕಿಲೋಮೀಟರ್. ಮೊದಲ ಸುತ್ತುಗಳಲ್ಲಿ ಮಕ್ಕಳು ನಗುತ್ತಾ, ಪಕ್ಕದವನ ಅಂಗಿ ಎಳೆಯುತ್ತಾ ಓಡುತ್ತಾರೆ. ವೇಗ 14 ದಾಟಿದ ಮೇಲೆ ಮಾತು ನಿಲ್ಲುತ್ತದೆ. ಗೆರೆಯ ಬಳಿ ತಿರುಗುವಾಗ ಬೂಟು ಜಾರುತ್ತದೆ, ಬಿಡುವಿನಲ್ಲಿ ಎರಡೂ ಕೈ ಮೊಣಕಾಲಿನ ಮೇಲೆ ಬಂದು ಕೂರುತ್ತವೆ. ಎರಡನೇ ಸಲ ಬೀಪಿಗೆ ಗೆರೆ ತಪ್ಪಿತೋ, ಅಲ್ಲಿಗೆ ಮುಗಿಯಿತು.

ಕ್ರಿಕೆಟಿಗರಿಗೆ 2017ರಲ್ಲಿ ಇಟ್ಟ ಪಾಸ್ ಮಾರ್ಕು 16.1. ಮೀಟರಿಗೆ ಬಿಡಿಸಿದರೆ 1,120. ಬಾಂಗ್ಸ್‌ಬೊ ತಂಡ 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಅಗ್ರ ದರ್ಜೆಯ ಫುಟ್‌ಬಾಲ್ ಆಟಗಾರರ ಸರಾಸರಿ 2,260 ಮೀಟರ್. ಎರಡು ಪಟ್ಟು! ಕ್ರಿಕೆಟ್ ಅಭಿಮಾನಿಗಳು ಮುನಿಸಿಕೊಳ್ಳಬಾರದು. ಎರಡೂ ಆಟ ಕೇಳುವ ದೇಹ ಒಂದೇ ಅಲ್ಲ, ಅಷ್ಟೇ.

ಪುಟಾಣಿಗಳಿಗೆ ಯೋ-ಯೋದಲ್ಲಿ ರಿಯಾಯಿತಿ ಇದೆ. ಅವರಿಗಾಗಿ ಮಾಡಿದ ಆವೃತ್ತಿಯಲ್ಲಿ ಕೋನುಗಳ ಅಂತರ 20 ಅಲ್ಲ, 16 ಮೀಟರ್.

ನಮ್ಮ ಶಾಲೆಗಳಲ್ಲಿ ಬೀಪ್ ಟೆಸ್ಟ್ ಎಂದು ನಡೆಸುವುದು ಇದಕ್ಕಿಂತ ಹಳೆಯದು, ಬೇರೆಯದು. ಕೆನಡಾದ ಮಾಂಟ್ರಿಯಲ್‌ನ ಲ್ಯೂಕ್ ಲೆಜೆ 1982ರಲ್ಲಿ ಕೊಟ್ಟದ್ದು. ಅದರಲ್ಲೂ 20 ಮೀಟರ್, ಅದರಲ್ಲೂ ಬೀಪು, ಆದರೆ ನಡುವೆ ಬಿಡುವಿಲ್ಲ. ಅದಕ್ಕೂ ಹಿಂದಿನದು ಅಮೆರಿಕದ ಕೆನೆತ್ ಕೂಪರ್ 1968ರಲ್ಲಿ ಬರೆದ 12 ನಿಮಿಷದ ಓಟ. 1970ರ ವಿಶ್ವಕಪ್ಪಿಗೆ ಬ್ರೆಜಿಲ್ ತಂಡ ಈ ಕೂಪರ್ ಪರೀಕ್ಷೆಯನ್ನು ಹಚ್ಚಿಕೊಂಡೇ ತಯಾರಾಯಿತು. ಮೆಕ್ಸಿಕೊದ ಎತ್ತರದಲ್ಲಿ ಪೆಲೆ ಬಳಗ ಹೊಡೆದ 19 ಗೋಲುಗಳಲ್ಲಿ 12 ಬಂದದ್ದು ದ್ವಿತೀಯಾರ್ಧದಲ್ಲಿ.

ಒಳ್ಳೆಯ ಆಟಗಾರ ಮತ್ತು ಅತ್ಯುತ್ತಮ ಆಟಗಾರ ಇಬ್ಬರಲ್ಲಿ ಹೆಚ್ಚು ದೂರ ಓಡುವವರು ಯಾರು? ದೂರದಲ್ಲಿ ವ್ಯತ್ಯಾಸ ಅಷ್ಟಕ್ಕಷ್ಟೆ. ಬಾಂಗ್ಸ್‌ಬೊ ತಂಡದ ಅದೇ 2003ರ ಅಧ್ಯಯನದಲ್ಲಿ ಅಗ್ರ ದರ್ಜೆಯವರು 10.86 ಕಿ.ಮೀ., ಮಧ್ಯಮ ದರ್ಜೆಯವರು 10.33. ಆದರೆ ಜೋರು ಓಟದಲ್ಲಿ ಅಗ್ರರು ಶೇ 28 ಮುಂದೆ, ಮಿಂಚಿನ ಓಟದಲ್ಲಿ ಶೇ 58 ಮುಂದೆ. ಅಲ್ಲೇ ಇನ್ನೊಂದು ಸ್ವಾರಸ್ಯ. ಪಂದ್ಯದ ಅತಿ ಬಿರುಸಿನ ಐದು ನಿಮಿಷ ಕಳೆದ ಮೇಲೆ, ಮುಂದಿನ ಐದು ನಿಮಿಷದಲ್ಲಿ ಆಟಗಾರನ ಜೋರು ಓಟ ಅವನದೇ ಸರಾಸರಿಗಿಂತ ಶೇ 12 ಕೆಳಗೆ ಇಳಿದಿತ್ತು. ಆ ಹೊತ್ತಿನಲ್ಲಿ ‘ಯಾಕೋ ನಿಂತೆ, ಓಡೋ!’ ಎಂದು ಗೆರೆಯಾಚೆಯಿಂದ ಕೂಗುವ ಅಪ್ಪಂದಿರು ದಯವಿಟ್ಟು ಗಮನಿಸಿ. ಹುಡುಗನದು ಸೋಮಾರಿತನವಲ್ಲ.

ಹಾಗಾದರೆ ದಮ್ಮು ಬೆಳೆಸುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟದ್ದು ನಾರ್ವೆ. ಅಲ್ಲಿನ ಯಾನ್ ಹೆಲ್ಗೆರುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇಂದಿಗೂ ಕೋಚುಗಳ ಬಾಯಲ್ಲಿದೆ. 18ರ ಪ್ರಾಯದ 19 ಹುಡುಗರು. ವಾರಕ್ಕೆ ಎರಡು ದಿನ, ಎಂಟು ವಾರ, ಮಾಮೂಲಿ ತಾಲೀಮಿನ ಜೊತೆಗೆ ಅರ್ಧದಷ್ಟು ಹುಡುಗರಿಗೆ ಇಷ್ಟೇ ಹೆಚ್ಚುವರಿ: ನಾಲ್ಕು ನಿಮಿಷ ಜೋರಾಗಿ ಓಡುವುದು, ಎದೆಬಡಿತ ಗರಿಷ್ಠದ ಶೇ 90–95 ಮುಟ್ಟುವಷ್ಟು. ಆಮೇಲೆ ಮೂರು ನಿಮಿಷ ನಿಧಾನ ಜಾಗಿಂಗ್. ಹೀಗೆ ನಾಲ್ಕು ಸಲ. ಜಾಗಿಂಗೂ ಸೇರಿ ಅರ್ಧ ಗಂಟೆಯ ಒಳಗೆ ಮುಗಿಯುವ ಕೆಲಸ.

ಎಂಟು ವಾರದ ಮೇಲೆ ಏನಾಯಿತು? ದೇಹ ನಿಮಿಷಕ್ಕೆ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ, ಪ್ರತಿ ಕಿಲೋ ತೂಕಕ್ಕೆ, 58.1ರಿಂದ 64.3 ಮಿಲಿಲೀಟರಿಗೆ ಏರಿತು. ಪ್ರಯೋಗಾಲಯದ ಅಂಕಿ ಎಂದು ಮೂಗು ಮುರಿಯಬೇಡಿ, ಪಂದ್ಯದಲ್ಲೇ ಫಲ ಕಂಡಿತು. ಕ್ರಮಿಸಿದ ದೂರ ಶೇ 20 ಹೆಚ್ಚಿತು. ಮಿಂಚಿನ ಓಟಗಳು ಇಮ್ಮಡಿಯಾದವು. ಚೆಂಡಿನ ಸಹವಾಸ ಶೇ 24 ಜಾಸ್ತಿಯಾಯಿತು. ಕೊನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮಕ್ಕಳು ಫುಟ್‌ಬಾಲಿಗೆ ಬರುವುದು ಚೆಂಡು ಒದೆಯಲಿಕ್ಕೆ ತಾನೇ?

ಚೆಂಡೇ ಇಲ್ಲದೆ ಹಾಗೆ ಓಡುವುದು ಬೇಜಾರು ಎನ್ನುವ ಹುಡುಗರಿಗೆ ಇಟಲಿಯಿಂದ ಒಳ್ಳೆಯ ಸುದ್ದಿ ಇದೆ. 2006ರಲ್ಲಿ ಪ್ರಕಟವಾದ ಫ್ರಾಂಕೊ ಇಂಪೆಲ್ಲಿಝೆರಿ ಬಳಗದ ಅಧ್ಯಯನದಲ್ಲಿ ಕಿರಿಯ ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಬರೀ ಓಟ. ಇನ್ನೊಂದಕ್ಕೆ ಚಿಕ್ಕ ಜಾಗದಲ್ಲಿ ಕಡಿಮೆ ಮಂದಿಯ ಚೆಂಡಾಟ, ಅದೂ ಬಿರುಸಾಗಿ. 12 ವಾರದ ಕೊನೆಯಲ್ಲಿ ಎರಡೂ ಗುಂಪಿನ ದಮ್ಮು ಒಂದೇ ಸಮ ಏರಿತ್ತು! ಫಲ ಒಂದೇ ಎಂದಾದರೆ ಮಕ್ಕಳು ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂದು ಬೇರೆ ಕೇಳಬೇಕೆ. ನಾಲ್ಕು ನಾಲ್ಕು ಮಂದಿ, ಎರಡು ಜೊತೆ ಚಪ್ಪಲಿ ಗೋಲುಕಂಬ, ಔಟ್ ಇಲ್ಲದ ಆಟ. ನಮ್ಮ ಗಲ್ಲಿಗಳಲ್ಲಿ ಯಾವ ವಿಜ್ಞಾನಿಯೂ ಹೇಳಿಕೊಡದೆ ನಡೆಯುವುದು ಇದೇ.

ಈಗ ಒಂದು ತಲೆಕೆಳಗಿನ ಸಂಗತಿ. ಪರೀಕ್ಷೆಯಲ್ಲಿ ಮುಂದಿರುವವನು ಪಂದ್ಯದಲ್ಲೂ ಹೆಚ್ಚು ಓಡುತ್ತಾನೆ ಎಂದುಕೊಳ್ಳುತ್ತೇವೆ. 2010ರಲ್ಲಿ ಮಾರ್ಟಿನ್ ಬುಶೆ ಮತ್ತು ಸಂಗಡಿಗರು 13 ವರ್ಷದೊಳಗಿನವರಿಂದ 18 ವರ್ಷದೊಳಗಿನವರ ತನಕ 77 ಹುಡುಗರನ್ನು 42 ಅಂತರರಾಷ್ಟ್ರೀಯ ಕ್ಲಬ್ ಪಂದ್ಯಗಳಲ್ಲಿ ಜಿಪಿಎಸ್ ಹಾಕಿ ಹಿಂಬಾಲಿಸಿದ ಅಧ್ಯಯನ ಪ್ರಕಟಿಸಿದರು. ಓಟದ ಪರೀಕ್ಷೆಯ ಅಂಕಕ್ಕೂ ಪಂದ್ಯದ ಜೋರು ಓಟಕ್ಕೂ ಸ್ಟ್ರೈಕರುಗಳಲ್ಲಿ ಗಟ್ಟಿ ನಂಟು ಕಂಡಿತು. ಫುಲ್‌ಬ್ಯಾಕುಗಳಲ್ಲಿ? ಹೆಚ್ಚುಕಡಿಮೆ ಸೊನ್ನೆ. ಮಿಡ್‌ಫೀಲ್ಡರುಗಳಲ್ಲೂ ನಂಟು ದುರ್ಬಲ. ಎಷ್ಟು ಓಡಬೇಕು ಎಂದು ಡಿಫೆಂಡರ್ ತಾನೇ ತೀರ್ಮಾನಿಸುವುದಿಲ್ಲ. ಎದುರಾಳಿ ಎಲ್ಲಿಗೆ ಎಳೆದನೋ ಅಲ್ಲಿಗೆ ಹೋಗುವುದು ಅವನ ಪಾಲಿನ ಕೆಲಸ. ಅತಿ ಕಡಿಮೆ ದೂರ ಓಡಿದವರು ಸೆಂಟರ್‌ಬ್ಯಾಕುಗಳು. ಓಟದ ಪಟ್ಟಿ ನೋಡಿ ಅವರನ್ನು ತಂಡದಿಂದ ಕೈಬಿಟ್ಟ ಕೋಚು ಗೋಲು ತಿನ್ನುವುದು ಖಚಿತ.

ಅಂದ ಹಾಗೆ, ಆಟಗಾರರ ಎದೆಯ ಮೇಲಿನ ಕಪ್ಪು ಬನಿಯನ್ ನೋಡಿದ್ದೀರಲ್ಲ, ಅದರ ಹಿಂದೆ ಎರಡು ಹೆಗಲೆಲುಬುಗಳ ನಡುವಿನ ಕಿಸೆಯಲ್ಲಿ ಜಿಪಿಎಸ್ ಯಂತ್ರ ಕೂತಿರುತ್ತದೆ. ಅಧಿಕೃತ ಪಂದ್ಯಗಳಲ್ಲಿ ಇಂಥದ್ದನ್ನು ತೊಡಲು ಫುಟ್‌ಬಾಲ್ ನಿಯಮ ಮಂಡಳಿ ಒಪ್ಪಿದ್ದು 2015ರಲ್ಲಿ.

ಯಂತ್ರ ಸುಳ್ಳು ಹೇಳುವುದಿಲ್ಲ, ಆದರೆ ಓದುವವರು ಎಡವುತ್ತಾರೆ. ದೊಡ್ಡವರ ಆಟದಲ್ಲಿ ಗಂಟೆಗೆ 25.2 ಕಿಲೋಮೀಟರ್ ದಾಟಿದರೆ ಮಾತ್ರ ಮಿಂಚಿನ ಓಟ ಎಂದು ಎಣಿಸುವ ರೂಢಿ ಇದೆ. ಇಂಗ್ಲೆಂಡಿನ ಆ 2010ರ ಅಧ್ಯಯನದಲ್ಲಿ 12 ವರ್ಷದೊಳಗಿನವರು ಪೂರ್ತಿ ವೇಗ ಹಿಡಿದ ಮೇಲೆ 10 ಮೀಟರ್ ದಾಟಲು ತೆಗೆದುಕೊಂಡದ್ದು ಸರಾಸರಿ 1.58 ಸೆಕೆಂಡು. ಅಂದರೆ ಗಂಟೆಗೆ ಸುಮಾರು 23 ಕಿಲೋಮೀಟರ್. ಆ ಹುಡುಗ ಪ್ರಾಣ ಹೋಗುವಂತೆ ಓಡಿದರೂ ದೊಡ್ಡವರ ಅಳತೆಗೋಲಿನಲ್ಲಿ ಅವನ ಮಿಂಚಿನ ಓಟ ಸೊನ್ನೆ! 16 ವರ್ಷದೊಳಗಿನವರದು 1.31 ಸೆಕೆಂಡು, ಗಂಟೆಗೆ ಸುಮಾರು 27. ಅದಕ್ಕೇ ಆ ಅಧ್ಯಯನದವರು ಪ್ರತಿ ವಯಸ್ಸಿಗೂ ಬೇರೆ ಬೇರೆ ವೇಗದ ಗಡಿ ಹಾಕಿಕೊಂಡಿದ್ದರು.

ಎದೆಬಡಿತಕ್ಕೂ ಇದೇ ಮಾತು. 220ರಿಂದ ವಯಸ್ಸು ಕಳೆದರೆ ಗರಿಷ್ಠ ಎದೆಬಡಿತ ಎಂಬ ಸೂತ್ರ ಜಿಮ್ಮುಗಳ ಗೋಡೆಯ ಮೇಲೆಲ್ಲ ಇದೆ. ಮಕ್ಕಳ ವಿಷಯದಲ್ಲಿ ಅದು ಕೈಕೊಡುತ್ತದೆ. ಎಂಟು ವರ್ಷದವನದ್ದೂ ಹದಿನಾಲ್ಕರವನದ್ದೂ ಗರಿಷ್ಠ ಬಡಿತ ನಿಮಿಷಕ್ಕೆ 200ರ ಆಸುಪಾಸಿನಲ್ಲೇ ಇರುತ್ತದೆ.

ಇಡೀ ದಿನ ಓಡಿದರೂ ದಣಿಯದ ಮಕ್ಕಳನ್ನು ಕಂಡು ನೀವು ಬೆರಗಾಗಿದ್ದರೆ, ವಿಜ್ಞಾನವೂ ಬೆರಗಾಗಿದೆ. ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 8ರಿಂದ 12ರ ಹುಡುಗರನ್ನೂ, ವ್ಯಾಯಾಮದ ರೂಢಿಯಿಲ್ಲದ ಗಂಡಸರನ್ನೂ, ರಾಷ್ಟ್ರಮಟ್ಟದ ದೂರದ ಓಟ, ಸೈಕ್ಲಿಂಗ್, ಟ್ರಯಾಥ್ಲಾನ್ ಪಟುಗಳನ್ನೂ ಸೈಕಲ್ ಯಂತ್ರದ ಮೇಲೆ ಕೂರಿಸಿ ತುಳಿಸಿದರು. ದಣಿವು ತಡೆಯುವುದರಲ್ಲಿ ಹುಡುಗರು ಪಟುಗಳಿಗೆ ಸರಿಸಮ. ತುಳಿತ ನಿಂತ ಮೇಲೆ ಎದೆಬಡಿತ ಇಳಿಯುವುದರಲ್ಲಿ, ರಕ್ತದ ಲ್ಯಾಕ್ಟೇಟ್ ಕರಗುವುದರಲ್ಲಿ ಹುಡುಗರೇ ಒಂದು ಕೈ ಮೇಲು! ಮಕ್ಕಳ ಸ್ನಾಯುಗಳು ಆಮ್ಲಜನಕದ ಇಂಧನವನ್ನೇ ಹೆಚ್ಚು ನೆಚ್ಚಿಕೊಂಡಿವೆ, ದಣಿಸುವ ಒಲೆಯನ್ನು ಜಾಸ್ತಿ ಹೊತ್ತಿಸುವುದಿಲ್ಲ. ಹರೆಯ ಬಂದಂತೆ ಬಲ, ವೇಗ ಬರುತ್ತವೆ, ಈ ವರ ಮೆಲ್ಲನೆ ಜಾರುತ್ತದೆ. ಹತ್ತು ವರ್ಷದ ಮಗುವಿಗೆ ದಮ್ಮು ಬರಿಸಲು ರೌಂಡ್ ಹೊಡೆಸುವುದು ವ್ಯರ್ಥ ಎನ್ನಲು ನನಗೆ ಇಷ್ಟು ಸಾಕು. ಆ ವಯಸ್ಸಿಗೆ ಬೇಕಾದದ್ದು ಚೆಂಡಿನ ಜೊತೆ ಹೆಚ್ಚು ಹೊತ್ತು.

ಇನ್ನು ಬೆಳವಣಿಗೆಯ ವಿಷಯ. ಹುಡುಗರು ದಿಢೀರನೆ ಉದ್ದವಾಗುವ ಘಟ್ಟ ಸರಾಸರಿ 14ರ ಹೊತ್ತಿಗೆ, ಹುಡುಗಿಯರದು 12ರ ಹೊತ್ತಿಗೆ. ಆದರೆ ಸರಾಸರಿ ಎಂಬುದು ಮೋಸಗಾರ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ಧ್ವನಿ ಇನ್ನೂ ಒಡೆದಿರುವುದಿಲ್ಲ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಓಡಿಸಿ, ಗೆದ್ದವನು ಪ್ರತಿಭಾವಂತ ಎಂದು ಬರೆದುಕೊಂಡರೆ ನಾವು ಅಳೆದದ್ದು ಮೀಸೆಯನ್ನು, ಆಟವನ್ನಲ್ಲ.

ಹುಟ್ಟಿದ ತಿಂಗಳೂ ಇಲ್ಲಿ ಕೈಯಾಡಿಸುತ್ತದೆ. ಫಿಫಾ ವಯೋಮಿತಿಯ ಲೆಕ್ಕ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನು ಡಿಸೆಂಬರಿನವನಿಗಿಂತ ಹತ್ತಿರ ಹತ್ತಿರ ಒಂದು ವರ್ಷ ದೊಡ್ಡವನು, ಆದರೆ ಇಬ್ಬರೂ ಒಂದೇ ಗುಂಪು. ಹಾಗಾಗಿ ಜಗತ್ತಿನ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರದೇ ದಂಡು. ಇಂಗ್ಲೆಂಡಿನ ಅಕಾಡೆಮಿಗಳ ವರ್ಷ ಸೆಪ್ಟೆಂಬರ್ 1ಕ್ಕೆ ಶುರು, ಅಲ್ಲಿ ಅದೃಷ್ಟವಂತರು ಸೆಪ್ಟೆಂಬರಿನವರು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಬರೆದುಬಿಟ್ಟ ತಲೆಮಾರಿನವರನ್ನು ಈ ಲೆಕ್ಕಕ್ಕೆ ತಂದರೆ ಸಂಶೋಧಕರು ಕೈಮುಗಿದು ಓಡಿಹೋದಾರು.

ವಯಸ್ಸು ಮುಚ್ಚಿಡುವ ಆಟ ಫಿಫಾಗೂ ಗೊತ್ತು. 2009ರಲ್ಲಿ ನೈಜೀರಿಯಾದಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವಕಪ್ಪಿನಿಂದ ಆಟಗಾರರ ಮಣಿಕಟ್ಟಿನ ಎಂಆರ್‌ಐ ತೆಗೆಸುವ ಪದ್ಧತಿ ಬಂತು. ಎಲುಬಿನ ತುದಿ ಕೂಡಿಕೊಂಡಿದೆಯೇ ಇಲ್ಲವೇ ಎಂದು ನೋಡುವುದು.

ಬೆಳವಣಿಗೆ ತಡವಾದವರಿಗೆ ದಾರಿ ಇಲ್ಲವೇ? ಆಂಟ್ವಾನ್ ಗ್ರೀಜ್‌ಮನ್ ಕುಳ್ಳಗಿದ್ದಾನೆಂದು ಫ್ರಾನ್ಸಿನ ಹಲವು ಕ್ಲಬ್ಬುಗಳು ಬೇಡ ಎಂದವು. ಹುಡುಗ ಗಡಿ ದಾಟಿ ಸ್ಪೇನಿನ ರಿಯಲ್ ಸೊಸಿಯೆದಾದ್ ಸೇರಿದ. 2018ರಲ್ಲಿ ಫ್ರಾನ್ಸಿಗೇ ವಿಶ್ವಕಪ್ ಗೆದ್ದುಕೊಟ್ಟ, ಫೈನಲಿನ ಪಂದ್ಯಪುರುಷನೂ ಆದ. ಇಂಥವರು ಕೈತಪ್ಪದಿರಲಿ ಎಂದೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಬೇರೆ ಬಗೆಯ ಕಿರಿಯರ ಪಂದ್ಯಾವಳಿ ನಡೆಸಿ ನೋಡಿದೆ. ಹುಡುಗ ಮುಂದೆ ಎಷ್ಟು ಎತ್ತರ ಬೆಳೆದಾನು ಎಂದು ಅಂದಾಜಿಸಿ, ಅದರಲ್ಲಿ ಈಗಾಗಲೇ ಶೇಕಡಾ ಎಷ್ಟು ಮುಟ್ಟಿದ್ದಾನೆ ಎಂಬುದರ ಮೇಲೆ ಗುಂಪು ಮಾಡುವುದು. ಆಗ 11ರ ದಾಂಡಿಗನೂ 14ರ ಪುಟ್ಟನೂ ಒಂದೇ ಮೈದಾನಕ್ಕೆ ಇಳಿಯುತ್ತಾರೆ. ದಾಂಡಿಗನಿಗೆ ಮೈಬಲ ಬಿಟ್ಟು ಬುದ್ಧಿ ಉಪಯೋಗಿಸುವುದು ಅನಿವಾರ್ಯ, ಪುಟ್ಟನಿಗೆ ಕೊನೆಗೂ ಚೆಂಡು ಸಿಗುತ್ತದೆ.

ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟು, ಮುಟ್ಟಿದರೆ ನೋವು, ಓಡಿದರೆ ಇನ್ನೂ ನೋವು. ಬೆಳೆಯುವ ಹುಡುಗರ ಈ ಬಾಧೆಗೆ ಆಸ್‌ಗುಡ್–ಶ್ಲಾಟರ್ ಎಂದು ಹೆಸರು. ಅಮೆರಿಕದ ರಾಬರ್ಟ್ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಕಾರ್ಲ್ ಶ್ಲಾಟರ್ ಇಬ್ಬರೂ 1903ರಲ್ಲಿ, ಬೇರೆ ಬೇರೆಯಾಗಿ, ಅದನ್ನು ವಿವರಿಸಿದರು. ತೊಡೆಯ ದೊಡ್ಡ ಸ್ನಾಯು ಇನ್ನೂ ಗಟ್ಟಿಯಾಗದ ಎಲುಬನ್ನು ಎಳೆದೆಳೆದು ಆಗುವ ನೋವು ಅದು. ಹಿಮ್ಮಡಿಯಲ್ಲಾದರೆ ಸೀವರ್ಸ್ ಎನ್ನುತ್ತಾರೆ. ‘ಬೆಳೆಯೋ ವಯಸ್ಸು, ಎಣ್ಣೆ ಹಚ್ಚು’ ಎಂದು ಸುಮ್ಮನಾಗಬೇಡಿ. ಓಟದ ಹೊರೆ ಇಳಿಸಿ, ಡಾಕ್ಟರಿಗೆ ತೋರಿಸಿ.

ವಾರಕ್ಕೆ ಎಷ್ಟು ತಾಸು ತಾಲೀಮು? ಮಗುವಿನ ವಯಸ್ಸೆಷ್ಟೋ, ವಾರದ ತಾಸು ಅದನ್ನು ಮೀರದಿರಲಿ ಎಂಬುದು ಅಮೆರಿಕದ ಕ್ರೀಡಾವೈದ್ಯರ ಮಾತು. ಮೀರಿದವರಲ್ಲಿ ಅತಿಬಳಕೆಯ ಗಾಯಗಳು ಹೆಚ್ಚು ಕಂಡಿವೆ. ನಿದ್ದೆ? 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ. ಮೊಬೈಲ್ ಹಿಡಿದು ಮಲಗಿದ ಹೊತ್ತು ಈ ಲೆಕ್ಕಕ್ಕೆ ಬಾರದು.

ಹೊಟ್ಟೆಯ ವಿಷಯಕ್ಕೆ ಬಂದರೆ ಸ್ವೀಡನ್ನಿನ ಶರೀರವಿಜ್ಞಾನಿ ಬೆಂಗ್ಟ್ ಸಾಲ್ಟಿನ್ 1973ರಲ್ಲೇ ಒಂದು ಪಾಠ ಹೇಳಿದ್ದರು. ಸ್ನಾಯುಗಳಲ್ಲಿ ಗ್ಲೈಕೋಜೆನ್ ಎಂಬ ಪಿಷ್ಟದ ದಾಸ್ತಾನು ತುಂಬಿಕೊಂಡು ಆಡಲಿಳಿದವರು 12 ಕಿಲೋಮೀಟರ್ ಕ್ರಮಿಸಿದರು. ದಾಸ್ತಾನು ಕಡಿಮೆ ಇದ್ದವರು 9.7 ಕಿಲೋಮೀಟರ್, ಅದರಲ್ಲಿ ಅರ್ಧ ಬರೀ ನಡಿಗೆ. ಇಡ್ಲಿ, ಅನ್ನ, ಮುದ್ದೆ, ಚಪಾತಿ ಎಲ್ಲದರಲ್ಲೂ ಆ ದಾಸ್ತಾನಿಗೆ ಬೇಕಾದ್ದಿದೆ. ಡಬ್ಬಿಯ ಪುಡಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಮಕ್ಕಳಿಗೆ ದೊಡ್ಡವರಿಗಿಂತ ಬಿಸಿಲು ಬೇಗ ಹೊಡೆಯುತ್ತದೆ ಎಂಬ ನಂಬಿಕೆ ಹಿಂದೆ ವೈದ್ಯರಲ್ಲೂ ಇತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಅದನ್ನು ತಿದ್ದಿತು. ನೀರು ಸಾಕಷ್ಟು ಕುಡಿದಿದ್ದರೆ ಮಕ್ಕಳೂ ದೊಡ್ಡವರಷ್ಟೇ ಚೆನ್ನಾಗಿ ಬಿಸಿ ತಾಳುತ್ತಾರೆ. ಅಂದರೆ ತಪ್ಪು ಮೈಯದಲ್ಲ, ನೀರಿಗೆ ಬಿಡುವು ಕೊಡದ ದೊಡ್ಡವರದು. ವಿಶ್ವಕಪ್ಪಿನಲ್ಲೂ ನೀರಿಗೆಂದೇ ಆಟ ನಿಂತದ್ದುಂಟು, 2014ರಲ್ಲಿ, ಬ್ರೆಜಿಲ್‌ನ ಫೋರ್ಟಲೆಜಾದಲ್ಲಿ, ನೆದರ್ಲೆಂಡ್ಸ್–ಮೆಕ್ಸಿಕೊ ಪಂದ್ಯದಲ್ಲಿ. ಅದಕ್ಕೆ ಆಗ ಫಿಫಾ ನೋಡುತ್ತಿದ್ದ ಅಳತೆ 32 ಡಿಗ್ರಿ, ಆದರೆ ಮಾಮೂಲಿ ಥರ್ಮಾಮೀಟರಿನದ್ದಲ್ಲ. ಗಾಳಿಯ ತೇವ, ಬಿಸಿಲಿನ ಝಳ ಎಲ್ಲ ಸೇರಿಸಿದ ಲೆಕ್ಕ ಅದು. ಹಾಗಾಗಿ ಬೇಸಿಗೆ ಶಿಬಿರದಲ್ಲಿ ಮಂಗಳೂರಿನ ಸೆಕೆಯನ್ನು ಕಲಬುರಗಿಯ ಬಿಸಿಲಿಗಿಂತ ಹಗುರವಾಗಿ ಎಣಿಸುವಂತಿಲ್ಲ.

17 ವರ್ಷದೊಳಗಿನವರ ವಿಶ್ವಕಪ್ ಪಂದ್ಯವೂ ಪೂರ್ತಿ 90 ನಿಮಿಷದ್ದೇ. ಆದರೆ 2017ರಲ್ಲಿ ಭಾರತದಲ್ಲಿ ನಡೆದಾಗ ನಾಕೌಟ್ ಪಂದ್ಯಗಳಿಗೆ ಹೆಚ್ಚುವರಿ ಸಮಯ ಇರಲಿಲ್ಲ, ಸಮವಾದರೆ ಸೀದಾ ಪೆನಾಲ್ಟಿ. ಮುಂದೆ ಕಪ್ ಎತ್ತಿದ ಇಂಗ್ಲೆಂಡ್ ತಂಡವೇ ಜಪಾನನ್ನು ದಾಟಿದ್ದು ಹಾಗೆ. ಆ ಪಂದ್ಯಾವಳಿಯಲ್ಲಿ ಅಕ್ಟೋಬರ್ 9ರಂದು, ದೆಹಲಿಯಲ್ಲಿ, ಕೊಲಂಬಿಯಾ ವಿರುದ್ಧ ಭಾರತ ಫಿಫಾ ವಿಶ್ವಕಪ್ಪೊಂದರಲ್ಲಿ ತನ್ನ ಮೊಟ್ಟಮೊದಲ ಗೋಲು ಹೊಡೆಯಿತು. ತಲೆ ಕೊಟ್ಟವನು ಮಣಿಪುರದ ಜೀಕ್ಸನ್ ಸಿಂಗ್. ಕಾರ್ನರ್ ಒದ್ದವನು ನಮ್ಮ ಬೆಂಗಳೂರಿನ ಹುಡುಗ, ಲೆಫ್ಟ್‌ಬ್ಯಾಕ್ ಸಂಜೀವ್ ಸ್ಟಾಲಿನ್. ಆಗ 82ನೇ ನಿಮಿಷ, ಎಲ್ಲರ ಕಾಲೂ ಸೋತಿರುವ ಹೊತ್ತು. ಮರುನಿಮಿಷವೇ ಕೊಲಂಬಿಯಾ ಎರಡನೇ ಗೋಲು ಹೊಡೆದು 2–1ರಿಂದ ಗೆದ್ದಿತು ಎನ್ನುವುದನ್ನೂ ಹೇಳಬೇಕು.

ಆಟಕ್ಕೆ ಮುಂಚೆ 15–20 ನಿಮಿಷ ಮೈ ಬಿಸಿ ಮಾಡಿಕೊಳ್ಳುವುದರಿಂದ ಏನು ಲಾಭ? ಮಕ್ಕಳಿಗೆಂದೇ ರೂಪಿಸಿದ ‘ಇಲೆವೆನ್ ಪ್ಲಸ್ ಕಿಡ್ಸ್’ ಕ್ರಮವನ್ನು ಯುರೋಪಿನ ನಾಲ್ಕು ದೇಶಗಳ ಸುಮಾರು 3,900 ಮಕ್ಕಳ ಮೇಲೆ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಾಯಗಳು ಶೇ 48 ಕಡಿಮೆ! ಒಂಟಿಕಾಲಲ್ಲಿ ನಿಲ್ಲುವುದು, ಜಿಗಿದು ಮೆತ್ತಗೆ ಇಳಿಯುವುದು, ಬಿದ್ದರೆ ಉರುಳುವುದು, ಇಷ್ಟೇ ಅದರಲ್ಲಿರುವುದು. ಖರ್ಚು ಸೊನ್ನೆ.

ಓದುಗರಿಗೊಂದು ಕೆಲಸ. ಈ ಭಾನುವಾರ ನಿಮ್ಮೂರ ಮೈದಾನದಲ್ಲಿ ಮಕ್ಕಳು ಆಡುತ್ತಿದ್ದರೆ ಗೆರೆಯಾಚೆ ಕೂತು ಒಂದೇ ಮಗುವನ್ನು ಹತ್ತು ನಿಮಿಷ ನೋಡಿ. ಚೆಂಡು ಎಲ್ಲಿ ಹೋದರೂ ಕಣ್ಣು ಆ ಮಗುವಿನ ಮೇಲೇ ಇರಲಿ. ಎಷ್ಟು ಸಲ ನಿಂತಿತು, ಎಷ್ಟು ಸಲ ನಡೆಯಿತು, ಎಷ್ಟು ಸಲ ಜೋರಾಗಿ ಓಡಿತು, ಚೆಂಡು ಎಷ್ಟು ಸಲ ಕಾಲಿಗೆ ಬಂತು ಎಂದು ಚೀಟಿಯಲ್ಲಿ ಗೆರೆ ಹಾಕಿ. ಆ ಲೆಕ್ಕವನ್ನು ನಮಗೆ ಬರೆದು ಕಳಿಸಿ. ಹೆಸರು ಬೇಡ, ವಯಸ್ಸು ಮತ್ತು ಆಡಿದ ಜಾಗ ಬರೆದರೆ ಸಾಕು.